ತಾತನ ಪೆಟ್ಟಿಗೆಯ ಉಳಿ, ಬಾಚಿ, ತೋಪಡಗಳನ್ನು ವೀಣೆಯ ಕೆಲಸಕ್ಕೆ ಮತ್ತೆ ಹದಗೊಳಿಸುವುದು ಹೇಗೆ?

ಪ್ರಶ್ನೆ: ನಮ್ಮ ತಾತ ವೀಣೆ ಮತ್ತು ತಂಬೂರಿಗಳನ್ನು ಮಾಡುತ್ತಿದ್ದರು. ಅವರು ತೀರಿಕೊಂಡು ಮೂವತ್ತು ವರ್ಷಗಳಾದ ಮೇಲೆ ಅಟ್ಟದಿಂದ ಅವರ ಪೆಟ್ಟಿಗೆಯನ್ನು ಇಳಿಸಿದ್ದೇನೆ. ಅದರಲ್ಲಿ ಒಂಬತ್ತು ಉಳಿಗಳಿವೆ. ಅವುಗಳಲ್ಲಿ ಮೂರು ದುಂಡುಬಾಯಿಯವು, ಎರಡರ ಬಾಯಿ ಓರೆಯಾಗಿ ಸವೆದಿದೆ. ಎರಡು ಬಾಚಿ, ಒಂದು ಕಬ್ಬಿಣದ ತೋಪಡ (ಮರದ ಮೈಯನ್ನು ಹೆರೆದು ನಯ ಮಾಡುವ ಉಜ್ಜುಗೊರಡು), ಅಂಗೈಯಷ್ಟೇ ಇದ್ದು ತಳ ಉಬ್ಬಿಕೊಂಡಿರುವ ಎರಡು ಮರದ ತೋಪಡ, ಹತ್ತಾರು ಅರಗಳು ಮತ್ತು ಯಾತಕ್ಕೆಂದು ತಿಳಿಯದ ನಾಲ್ಕು ತೆಳ್ಳನೆಯ ಉಕ್ಕಿನ ತಗಡುಗಳೂ ಇವೆ. ಎಲ್ಲಕ್ಕೂ ತುಕ್ಕು ಹಿಡಿದಿದೆ. ಬಿಡುವಿನ ವೇಳೆಯಲ್ಲಿ ವೀಣೆ ಮಾಡುವುದನ್ನು ಕಲಿಯಬೇಕೆಂದಿದ್ದೇನೆ. ಇವನ್ನು ಸಾಣೆ ಅಂಗಡಿಗೆ ಕೊಟ್ಟು ಹೊಸದರಂತೆ ಮಾಡಿಸಲೇ, ಇಲ್ಲವೇ ಹೊಸ ಸಾಮಾನುಗಳನ್ನೇ ಕೊಳ್ಳಲೇ?

ಉತ್ತರ: ಸದ್ಯಕ್ಕೆ ಎರಡೂ ಬೇಡ. ನೀವು ಕೊಟ್ಟ ಪಟ್ಟಿಯಲ್ಲಿ ಮೂರು ಸಾಮಾನುಗಳು ನನ್ನನ್ನು ತಡೆದು ನಿಲ್ಲಿಸಿದವು: ಓರೆಯಾಗಿ ಸವೆದ ಎರಡು ಉಳಿಗಳು, ತಳ ಉಬ್ಬಿದ ಎರಡು ಪುಟ್ಟ ತೋಪಡಗಳು ಮತ್ತು ಆ ನಾಲ್ಕು ತಗಡುಗಳು. ಸಾಣೆ ಅಂಗಡಿಯವರ ಕಣ್ಣಿಗೆ ಮೊದಲೆರಡು ಕೆಟ್ಟುಹೋದ ಸಾಮಾನುಗಳು, ಮೂರನೆಯದು ಗುಜರಿ. ವಾದ್ಯ ಮಾಡುವವರ ಕಣ್ಣಿಗೆ ಆ ಪೆಟ್ಟಿಗೆಯ ಬೆಲೆಯ ಬಹುಪಾಲು ಇರುವುದೇ ಇವುಗಳಲ್ಲಿ.

ಆದ್ದರಿಂದ ತುಕ್ಕು ಉಜ್ಜಲು ಕೂರುವ ಮೊದಲು ಒಂದು ಸಂಜೆಯನ್ನು ಬರೀ ನೋಡುವುದಕ್ಕೆಂದೇ ಇಟ್ಟುಕೊಳ್ಳಿ. ಪ್ರತಿಯೊಂದು ಉಳಿಯ ಬಾಯನ್ನೂ ಕಾಗದದ ಮೇಲಿಟ್ಟು ಅದರ ಆಕಾರವನ್ನು ಪೆನ್ಸಿಲಿನಲ್ಲಿ ಬರೆದುಕೊಳ್ಳಿ, ಪಕ್ಕದಿಂದ ನೋಡಿದಾಗ ಬಾಯಿಯ ಕಡೆಗೆ ಓರೆಯಾಗಿ ಮಸೆದ ಇಳಿಜಾರು ಎಷ್ಟು ಉದ್ದವಿದೆ ಎಂಬುದನ್ನೂ ಅಳೆದಿಡಿ. ಓರೆಬಾಯಿಯ ಎರಡು ಉಳಿಗಳನ್ನು ಪಕ್ಕಪಕ್ಕ ಇಟ್ಟಾಗ ಒಂದರ ಓರೆ ಎಡಕ್ಕೂ ಇನ್ನೊಂದರ ಓರೆ ಬಲಕ್ಕೂ ಇದ್ದರೆ ಅವು ಸವೆದ ಉಳಿಗಳಲ್ಲ, ಬೇಕೆಂದೇ ಮಾಡಿಕೊಂಡ ಜೋಡಿ. ವೀಣೆಯ ತುದಿಯಲ್ಲಿರುವ ಯಾಳಿಮುಖದ (ಸಿಂಹದಂಥ ಕಾಲ್ಪನಿಕ ಪ್ರಾಣಿಯ ತಲೆ) ಕೆತ್ತನೆಯ ಇಕ್ಕಟ್ಟಾದ ಮೂಲೆಗಳಿಗೆ ನೇರ ಬಾಯಿಯ ಉಳಿ ಹೋಗುವುದಿಲ್ಲವಾದ್ದರಿಂದ ಒಂದೊಂದು ಬದಿಗೆ ಒಂದೊಂದು ಉಳಿ ಬೇಕಾಗುತ್ತದೆ. ಎರಡೂ ಒಂದೇ ಕಡೆಗೆ ಓರೆಯಾಗಿದ್ದರೆ ಮಾತ್ರ, ಮಸೆಯುವಾಗ ಕೈ ಒಂದು ಬದಿಗೆ ಭಾರ ಬಿಟ್ಟಿದೆ ಎಂದು ತಿಳಿದು ನೇರ ಮಾಡಬಹುದು. ಉಬ್ಬಿದ ತಳದ ತೋಪಡಗಳ ಕೆಲಸ ಇನ್ನೂ ಸ್ಪಷ್ಟ: ವೀಣೆಯ ಕೊಡದ, ಅಂದರೆ ನಾದದ ಟೊಳ್ಳು ಬುರುಡೆಯ, ಒಳಮೈಯಲ್ಲಿ ಬಾಚಿ ಮತ್ತು ದುಂಡು ಉಳಿ ಬಿಟ್ಟುಹೋದ ಏಣುಗಳನ್ನು ತೆಗೆಯಲು ಚಪ್ಪಟೆ ತಳದ ತೋಪಡದಿಂದ ಸಾಧ್ಯವಿಲ್ಲ.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ಗುರುಗಳ ಅಂಥದೇ ಒಂದು ತೋಪಡವನ್ನು ಕಂಡು, ತಳ ಸೊಟ್ಟಗಾಗಿದೆ ಎಂದುಕೊಂಡು, ಗಾಜಿನ ಮೇಲೆ ಮರಳು ಕಾಗದ ಹಾಸಿ ಎರಡು ಸಂಜೆ ತಿಕ್ಕಿ ಚಪ್ಪಟೆ ಮಾಡಿಟ್ಟಿದ್ದೆ. ಅವರು ಬೈಯಲಿಲ್ಲ. ಹಿಂದಿನ ಉಬ್ಬನ್ನು ನಾನೇ ಮತ್ತೆ ತರಬೇಕೆಂದು ಹೇಳಿದರು. ಕೊಡದ ಒಳಗಿಟ್ಟು ನೋಡುವುದು, ತೆಗೆದು ಕೆರೆಯುವುದು, ಮತ್ತೆ ಇಟ್ಟು ನೋಡುವುದು ಎಂದು ಅದಕ್ಕೆ ಹದಿನೈದು ದಿನ ಹಿಡಿಯಿತು.

ಇನ್ನು ಲೋಹದ ವಿಚಾರ. ತುಕ್ಕಿನ ಕೆಳಗೆ ಅಚ್ಚೊತ್ತಿದ ಅಕ್ಷರಗಳಿವೆಯೇ ಎಂದು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಮೆತ್ತಗೆ ಒರೆಸಿ ನೋಡಿ. ಶೆಫೀಲ್ಡ್ ಎಂಬ ಊರಿನ ಹೆಸರಿನೊಂದಿಗೆ ‘ಕಾಸ್ಟ್ ಸ್ಟೀಲ್’ ಎಂದು ಇಂಗ್ಲಿಷಿನಲ್ಲಿ ಒತ್ತಿದ್ದರೆ ಅದನ್ನು ಬೀಡು ಕಬ್ಬಿಣವೆಂದು ತಿಳಿದು ಬದಿಗಿಡಬೇಡಿ. 1740ರ ದಶಕದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಶೆಫೀಲ್ಡಿನಲ್ಲಿ ಮೂಸೆಯಲ್ಲಿ ಕರಗಿಸಿ ತಯಾರಿಸಿದ ಉಕ್ಕಿನ ಪರಂಪರೆಗೆ ಸೇರಿದ ಹೆಸರು ಅದು, ಬಾಯಿಯನ್ನು ಬಹಳ ನಯವಾಗಿ ಹಿಡಿಯುವ ಉಕ್ಕು. ಅಕ್ಷರಗಳೇ ಇಲ್ಲದ ಉಳಿ ಬಹುಶಃ ಕಮ್ಮಾರರ ಕೈಯಲ್ಲಿ ಆದದ್ದು. ಅಂಥವುಗಳ ಇಳಿಜಾರನ್ನು ಸ್ವಲ್ಪ ಮಸೆದು ಬೆಳಕಿಗೆ ಹಿಡಿದರೆ ಎರಡು ಪಟ್ಟಿಗಳು ಕಾಣಬಹುದು: ಅಂಚಿನ ಕಡೆಗೆ ಹೊಳೆಯುವ ತೆಳು ಪಟ್ಟಿ, ಅದರ ಮೇಲೆ ಮಂಕಾದ ಅಗಲ ಪಟ್ಟಿ. ಹೊಳೆಯುವುದು ಗಡಸು ಉಕ್ಕು, ಮಂಕಾದದ್ದು ಮೆತುಕಬ್ಬಿಣ. ಎರಡನ್ನೂ ಕುಲುಮೆಯಲ್ಲಿ ಕೂಡಿಸಿ ಬೆಸೆದಿರುತ್ತಾರೆ. ಆ ಉಕ್ಕಿನ ಪದರ ಉಳಿಯ ಚಪ್ಪಟೆ ಬೆನ್ನಿನ ಕಡೆಗೆ ಇರುತ್ತದೆ, ಹಾಗಾಗಿ ಬೆನ್ನನ್ನು ಬೇಕಾಬಿಟ್ಟಿ ಉಜ್ಜಿದರೆ ಕಡಿಯುವ ಉಕ್ಕನ್ನೇ ಉಜ್ಜಿ ಕಳೆದಂತೆ.

ತುಕ್ಕು ಬರೀ ಮೇಲ್ಮೈಯಲ್ಲಿದ್ದರೆ ಸೀಮೆಎಣ್ಣೆ ಮತ್ತು ನಯವಾದ ಉಕ್ಕಿನ ನಾರು ಸಾಕು. ಹಳದಿ ಕೆಂಪು ಹುಡಿ ಹೋದ ಮೇಲೆ ಉಳಿಯುವ ಕಪ್ಪು ಪೊರೆಯನ್ನು ಕೆರೆದು ತೆಗೆಯುವ ಅಗತ್ಯವಿಲ್ಲ, ಅದು ಕಬ್ಬಿಣಕ್ಕೆ ಕಾವಲು. ತುಕ್ಕು ಆಳಕ್ಕಿಳಿದಿದ್ದರೆ ಅಡುಗೆಯ ಬಿಳಿ ವಿನೆಗರಿನಲ್ಲಿ ಒಂದು ರಾತ್ರಿ ಮುಳುಗಿಸಿಟ್ಟು, ಬೆಳಿಗ್ಗೆ ಉಜ್ಜಿ, ವಾಷಿಂಗ್ ಸೋಡಾ ಬೆರೆಸಿದ ನೀರಿನಲ್ಲಿ ಅದ್ದಿ, ತಕ್ಷಣ ಒಣಗಿಸಿ ಎಣ್ಣೆ ಸವರಬೇಕು. ದಿನಗಟ್ಟಲೆ ಬಿಟ್ಟರೆ ಆಮ್ಲವು ತುಕ್ಕು ತಿಂದು ಮುಗಿಸಿ ಉಕ್ಕಿಗೆ ಬಾಯಿ ಹಾಕುತ್ತದೆ. ಬಾಚಿಯಂಥ ದೊಡ್ಡ ಸಾಮಾನನ್ನು ಕೆಲವರು ಸೋಡಾ ನೀರಿನಲ್ಲಿ ಮುಳುಗಿಸಿ, ಬ್ಯಾಟರಿ ಚಾರ್ಜರಿನಿಂದ ವಿದ್ಯುತ್ ಹರಿಸಿ ತುಕ್ಕು ಬಿಡಿಸುತ್ತಾರೆ. ಒಳ್ಳೆಯ ವಿಧಾನವೇ, ಆದರೆ ಸಾಮಾನನ್ನು ಋಣ ತುದಿಗೇ ಕಟ್ಟಬೇಕು, ಇನ್ನೊಂದು ತುದಿಗೆ ಸಾದಾ ಕಬ್ಬಿಣದ ಸರಳನ್ನು ಮಾತ್ರ ಬಳಸಬೇಕು. ಮನೆಯಲ್ಲಿದೆಯೆಂದು ಸ್ಟೇನ್‌ಲೆಸ್ ಸ್ಟೀಲಿನ ಚಮಚ ಇಟ್ಟರೆ ಅದರೊಳಗಿನ ಕ್ರೋಮಿಯಂ ವಿಷವಾಗಿ ನೀರಿಗಿಳಿಯುತ್ತದೆ. ಹೊರಡುವ ಹೈಡ್ರೋಜನ್ ಅನಿಲಕ್ಕೆ ಗಾಳಿಯಾಡುವ ಜಾಗವೂ ಬೇಕು. ಕೊನೆಯಲ್ಲಿ, ಕಡಿಯುವ ಬಾಯಿಯನ್ನು ಬಿಟ್ಟು ಉಳಿದ ಮೈಗೆ ಅಳಲೆಕಾಯಿಯ ಕಷಾಯವನ್ನು ಹಚ್ಚಿ ಒಣಗಲು ಬಿಡಿ. ಅದರ ಒಗರಿನಲ್ಲಿರುವ ಟ್ಯಾನಿನ್ ಕಬ್ಬಿಣದೊಂದಿಗೆ ಸೇರಿ ನೀಲಿಗಪ್ಪು ಲೇಪವಾಗಿ ಕೂರುತ್ತದೆ. ಹಿಂದೆ ಶಾಯಿ ಮಾಡುತ್ತಿದ್ದುದೂ ಇದೇ ಗುಣದಿಂದ. ಥಳಥಳ ಹೊಳೆಯುವ ಮೈಗಿಂತ ಈ ಕಪ್ಪು ಮೈ ಮಳೆಗಾಲವನ್ನು ಚೆನ್ನಾಗಿ ತಡೆಯುತ್ತದೆ.

ಸಾಣೆ ಅಂಗಡಿಯ ಮಾತಿಗೆ ಬರೋಣ. ಕುಡುಗೋಲು, ಈಳಿಗೆಮಣೆಗಳಿಗೆ ಅಲ್ಲಿಯ ಯಂತ್ರ ಸರಿ. ಆದರೆ ಆರು ಅಂಗುಲದ ಸಾಣೆ ಚಕ್ರವು ನಿಮಿಷಕ್ಕೆ ಸುಮಾರು 2,850 ಸುತ್ತು ತಿರುಗುವಾಗ ಅದರ ಅಂಚು ಸೆಕೆಂಡಿಗೆ 22 ಮೀಟರ್ ವೇಗದಲ್ಲಿ ಉಕ್ಕನ್ನು ಉಜ್ಜುತ್ತದೆ. ಬಾಯಿಯ ತೀರ ತೆಳುವಾದ ತುದಿಗೆ ಆ ಉಜ್ಜುವಿಕೆಯಿಂದ ಹುಟ್ಟುವ ಬಿಸಿಯನ್ನು ಹಿಂದಕ್ಕೆ ಸಾಗಿಸುವಷ್ಟು ಮೈಯೇ ಇರುವುದಿಲ್ಲ. ಕಮ್ಮಾರರು ನೀರು ಕುಡಿಸಿ ಗಡಸು ಮಾಡಿದ ಉಕ್ಕನ್ನು ಮತ್ತೆ ಹದವಾಗಿ ಕಾಯಿಸುವಾಗ ಸುಮಾರು 220ರಿಂದ 240 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ಮೈ ಒಣಹುಲ್ಲಿನ ಬಣ್ಣಕ್ಕೆ ಬರುತ್ತದೆ. ಉಳಿಗೆ ಬೇಕಾದ ಹದ ಅದು. 300 ಡಿಗ್ರಿಯ ಆಸುಪಾಸಿಗೆ ಹೋದರೆ ಬಣ್ಣ ನೀಲಿಯಾಗುತ್ತದೆ, ಸ್ಪ್ರಿಂಗಿಗೆ ಹೊಂದುವ ಮೆದುತನ ಬರುತ್ತದೆ, ಬೀಟೆಯ ಮರಕ್ಕೆ ಹೊಡೆದ ಎರಡನೆಯ ಏಟಿಗೇ ಬಾಯಿ ಮಡಚುತ್ತದೆ. ನಿಮ್ಮ ಉಳಿಗಳಲ್ಲಿ ಯಾವುದರದಾದರೂ ತುದಿ ಈಗಾಗಲೇ ನೀಲಿಯಾಗಿದ್ದರೆ, ಆ ಭಾಗ ಮುಗಿಯುವವರೆಗೆ ಕೈಯಿಂದ ಮಸೆದು ಕಳೆಯುವುದೊಂದೇ ಸುಲಭದ ದಾರಿ. ನೀಲಿಯನ್ನು ಮರಳು ಕಾಗದದಿಂದ ಉಜ್ಜಿ ಅಳಿಸಿದರೆ ಬಣ್ಣ ಹೋಗುತ್ತದೆಯೇ ಹೊರತು ಹದ ಮರಳುವುದಿಲ್ಲ.

ಸಾಣೆಗೂ ವಾದ್ಯಕ್ಕೂ ಇರುವ ನಂಟು ನಮ್ಮ ಗಡಿಯಾಚೆಯ ಮಿರಜಿನಲ್ಲಿ ಚೆನ್ನಾಗಿ ಕಾಣುತ್ತದೆ. ಧಾರವಾಡದ ಗಾಯಕರ ಮನೆಗಳಿಗೆ ತಂಬೂರಿಗಳು ಬರುತ್ತಿದ್ದ ಆ ಊರಿನಲ್ಲಿ ಸಿತಾರು, ತಂಬೂರಿಗಳ ಕೆಲಸವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಹಿಡಿದವರು ಶಿಕಲಗಾರ ಮನೆತನದವರು, ಅಂದರೆ ಕತ್ತಿ ಈಟಿಗಳಿಗೆ ಸಾಣೆ ಹಿಡಿಯುವುದೇ ಕಸುಬಾಗಿದ್ದವರು. ಆಯುಧಗಳಿಗೆ ಗಿರಾಕಿ ಇಲ್ಲವಾದಾಗ ಅವರ ಕೈ ಮರಕ್ಕೂ ತಂತಿಗೂ ತಿರುಗಿತು.

ಮಸೆಯುವ ಕೆಲಸ ಬೆನ್ನಿನಿಂದ ಆರಂಭವಾಗಬೇಕು. ಉಳಿಯ ಬಾಯಿ ಎಂದರೆ ಎರಡು ಮೈಗಳು ಕೂಡುವ ಗೆರೆ. ಇಳಿಜಾರನ್ನು ಎಷ್ಟೇ ನಯಗೊಳಿಸಿದರೂ ಬೆನ್ನಿನಲ್ಲಿ ತುಕ್ಕು ತೋಡಿದ ಕುಳಿಗಳಿದ್ದರೆ ಆ ಗೆರೆ ಅಲ್ಲಲ್ಲಿ ಮುಕ್ಕಾಗಿಯೇ ಇರುತ್ತದೆ. ಆದರೂ ಇಡೀ ಬೆನ್ನನ್ನು ಕನ್ನಡಿ ಮಾಡಬೇಕಿಲ್ಲ. ಅಂಚಿನಿಂದ ಹಿಂದಕ್ಕೆ ಹತ್ತು ಹದಿನೈದು ಮಿಲಿಮೀಟರ್ ಚಪ್ಪಟೆಯಾಗಿ ನಯವಾದರೆ ಸಾಕು. ಹತ್ತು ಮಿಲಿಮೀಟರ್ ದಪ್ಪದ ಗಾಜಿನ ಮೇಲೆ ನೀರಿನಲ್ಲಿ ಬಳಸುವ ಮರಳು ಕಾಗದ ಅಂಟಿಸಿ, 220ರ ಕಾಗದದಿಂದ ತೊಡಗಿ 400, 1000, 2000 ಎಂದು (ಸಂಖ್ಯೆ ಹೆಚ್ಚಿದಷ್ಟೂ ನಯ) ಏರುತ್ತಾ ಹೋದರೆ ಆರಂಭಕ್ಕೆ ಬೇರೆ ಕಲ್ಲೇ ಬೇಡ. ಕುಳಿ ಅಂಚಿಗೆ ತೀರ ಹತ್ತಿರದಲ್ಲಿ ಆಳವಾಗಿದ್ದರೆ ಅದನ್ನು ಬೆನ್ನಿನಿಂದ ತೆಗೆಯಲು ಹೋಗದೆ, ಇಳಿಜಾರಿನ ಕಡೆಯಿಂದ ಬಾಯಿಯನ್ನು ಆ ಕುಳಿಯ ಹಿಂದಕ್ಕೆ ಸರಿಸಿ.

ಕೋನ ಎಷ್ಟಿರಬೇಕು ಎಂಬುದು ಮರದ ಮೇಲೆ ನಿಂತ ಮಾತು. ಹಲಸಿಗೆ, ಅದರಲ್ಲೂ ಕೈಯಿಂದ ಒತ್ತಿ ಸೀಳುವ ಕೆಲಸಕ್ಕೆ, 25 ಡಿಗ್ರಿ ಸಾಕಾಗುತ್ತದೆ. ಬೀಟೆ ಹಾಗಲ್ಲ. ಅದರ ರಂಧ್ರಗಳಲ್ಲಿ ಕೆಲವೊಮ್ಮೆ ಸುಣ್ಣದಂಥ ಹರಳು ಕೂತಿರುತ್ತದೆ, ಅದು ಎಂಥ ಬಾಯನ್ನೂ ಮೊಂಡು ಮಾಡುತ್ತದೆ. ಕೊಡತಿಯಿಂದ ಹೊಡೆಯುವ ಉಳಿಗೆ 30 ಡಿಗ್ರಿಗಿಂತ ಕಡಿಮೆ ಇಟ್ಟರೆ ನಿಲ್ಲುವುದಿಲ್ಲ. ಕೋನಮಾಪಕ ಇಲ್ಲದಿದ್ದರೂ ತೊಂದರೆಯಿಲ್ಲ: ಇಳಿಜಾರಿನ ಉದ್ದವು ಉಳಿಯ ದಪ್ಪದ ಎರಡರಷ್ಟಿದ್ದರೆ ಕೋನ 30, ಸುಮಾರು ಎರಡೂಕಾಲರಿಂದ ಎರಡೂವರೆಯಷ್ಟಿದ್ದರೆ 25, ಮೂರರಷ್ಟಿದ್ದರೆ 20 ಡಿಗ್ರಿಗೆ ಹತ್ತಿರ. ನಾಲ್ಕು ಮಿಲಿಮೀಟರ್ ದಪ್ಪದ ಉಳಿಗೆ ಎಂಟು ಮಿಲಿಮೀಟರ್ ಇಳಿಜಾರು ಬಂದರೆ ಬೀಟೆಗೆ ಸಿದ್ಧವೆಂದು ತಿಳಿಯಿರಿ. ನಿಮ್ಮ ತಾತ ಹೊಂದಿಸಿಟ್ಟಿದ್ದ ಅಳತೆ ಇದಕ್ಕಿಂತ ಬೇರೆಯಾಗಿದ್ದರೆ ಮೊದಲು ಅದನ್ನೇ ಬಳಸಿ ನೋಡಿ, ಆಮೇಲೆ ಬದಲಿಸುವ ಯೋಚನೆ ಮಾಡಿ.

ಇಳಿಜಾರನ್ನು ಮಸೆಯುವಾಗ ಕಣ್ಣಿಡಬೇಕಾದದ್ದು ಒಂದೇ ಗುರುತಿನ ಮೇಲೆ. ಉಕ್ಕು ಅಂಚಿನವರೆಗೂ ಸವೆದಾಗ ಬೆನ್ನಿನ ಕಡೆಗೆ ಕೂದಲಿನಷ್ಟು ತೆಳುವಾದ ಲೋಹದ ಎಳೆಯೊಂದು ಮಡಚಿಕೊಳ್ಳುತ್ತದೆ. ಹೆಬ್ಬೆರಳನ್ನು ಬೆನ್ನಿನಿಂದ ಅಂಚಿನ ಆಚೆಗೆ ಸರಿಸಿದರೆ ಅದು ತಡೆಯುತ್ತದೆ. ಆ ಎಳೆ ಬಾಯಿಯ ಈ ಕೊನೆಯಿಂದ ಆ ಕೊನೆಯವರೆಗೆ ಕಾಣಿಸಿಕೊಳ್ಳದೆ ಮುಂದಿನ ನಯವಾದ ಕಲ್ಲಿಗೆ ಹೋಗಬಾರದು. ಕಲಿಯುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ, ಒರಟು ಕಲ್ಲಿನ ಕೆಲಸ ಮುಗಿಯುವ ಮೊದಲೇ 6000ದ ಕಲ್ಲಿನ ಮೇಲೆ ಗಂಟೆಗಟ್ಟಲೆ ತಿಕ್ಕಿ ಇಳಿಜಾರನ್ನು ಹೊಳೆಯಿಸುತ್ತಾರೆ, ಬಾಯಿ ಮಾತ್ರ ಮೊಂಡಾಗಿಯೇ ಉಳಿದಿರುತ್ತದೆ. ಎಳೆ ಬಂದ ಮೇಲೆ ನಯವಾದ ಕಲ್ಲಿನಲ್ಲಿ ಒಮ್ಮೆ ಇಳಿಜಾರು, ಒಮ್ಮೆ ಬೆನ್ನು ಎಂದು ಹಗುರವಾಗಿ ಎಳೆಯುತ್ತಾ ಅದನ್ನು ಕಳಚಿ, ಕೊನೆಗೆ ಹಲಗೆಗೆ ಅಂಟಿಸಿದ ಚರ್ಮದ ಮೇಲೆ ಹಸಿರು ಪಾಲಿಶ್ ಸವರಿ ಐದಾರು ಬಾರಿ ಹಿಂದಕ್ಕೆ ಎಳೆದರೆ ಮುಗಿಯಿತು. ಮುಂಗೈಯ ಕೂದಲು ಬೋಳಿಸಿ ಪರೀಕ್ಷೆ ಮಾಡುವ ರೂಢಿಯನ್ನು ನಾನು ಒಪ್ಪುವುದಿಲ್ಲ. ಹಾಲುವಾಣದ ತುಂಡೊಂದನ್ನು ಅಡ್ಡ ಕೊಯ್ದು, ನಾರುಗಳ ಕೊನೆ ಕಾಣುವ ಆ ಮೈಯನ್ನು ಉಳಿಯಿಂದ ತೆಳುವಾಗಿ ಸೀಳಿ ನೋಡಿ. ಅಷ್ಟು ಮೆದು ಮರವನ್ನು ಮೊಂಡು ಬಾಯಿ ಕಿತ್ತು ಪುಡಿ ಮಾಡುತ್ತದೆ, ಹರಿತವಾದ ಬಾಯಿ ಮೇಣದಂತೆ ಮಿರುಗುವ ಮೈ ಬಿಡುತ್ತದೆ.

ಕಲ್ಲುಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ಎಣ್ಣೆಯಲ್ಲಿ ಬಳಸಿದ ಕಲ್ಲಿಗೆ ನೀರು, ನೀರಿನ ಕಲ್ಲಿಗೆ ಎಣ್ಣೆ ಹಾಕಬೇಡಿ. ಕಲ್ಲಿನ ನಡು ತಗ್ಗಾಗುತ್ತಲೇ ಇರುತ್ತದೆ. ಪೆನ್ಸಿಲಿನಿಂದ ಚೌಕುಳಿ ಗೆರೆ ಎಳೆದು, ಗಾಜಿನ ಮೇಲಿನ ಒರಟು ಕಾಗದಕ್ಕೆ ಉಜ್ಜಿ, ಎಲ್ಲ ಗೆರೆಗಳೂ ಅಳಿಸುವವರೆಗೆ ಸಮ ಮಾಡಿ. ಪೆಟ್ಟಿಗೆಯಲ್ಲಿ ಅರಗಿನಿಂದ ಕಟ್ಟಿದ ಹಳೆಯ ಸಾಣೆಯ ತುಂಡೇನಾದರೂ ಸಿಕ್ಕಿದರೆ ಜೋಪಾನ ಮಾಡಿ. ಕುರಂದದ ಪುಡಿಯನ್ನು ಅರಗಿನಲ್ಲಿ ಕಲಸಿ ಮಾಡುತ್ತಿದ್ದ ಸಾಣೆಗಳವು. ಇಂಗ್ಲಿಷಿನವರ ‘ಕೊರಂಡಮ್’ ಎಂಬ ಹೆಸರೂ ನಮ್ಮ ದಕ್ಷಿಣದ ಭಾಷೆಯಿಂದಲೇ ಹೋದದ್ದು.

ದುಂಡುಬಾಯಿಯ ಉಳಿಗಳಲ್ಲಿ ಇಳಿಜಾರು ಹೊರಮೈಯಲ್ಲಿದೆಯೋ ಒಳಮೈಯಲ್ಲಿದೆಯೋ ನೋಡಿ. ಹೊರಗಿದ್ದರೆ ಅದು ಕೊಡವನ್ನು ತೋಡುವ ಉಳಿ, ಒಳಗಿದ್ದರೆ ನೇರವಾಗಿ ಕೆಳಕ್ಕೆ ಇಳಿಸಿ ಬಾಗಿದ ಗೋಡೆ ಕಡಿಯುವ ಉಳಿ. ಒಂದನ್ನು ಇನ್ನೊಂದಾಗಿ ಮಾಡಲು ಹೋಗಬೇಡಿ. ಹೊರ ಇಳಿಜಾರಿನ ಉಳಿಯನ್ನು ಕಲ್ಲಿನ ಮೇಲೆ ಅಡ್ಡಡ್ಡ ಸರಿಸುತ್ತಾ ಮುಂಗೈ ತಿರುಗಿಸಿ ಹೊರಳಿಸಬೇಕು. ಒಳಗೆ ಮಡಚಿದ ಎಳೆಯನ್ನು ತೆಗೆಯಲು ಅದೇ ದುಂಡಿನ ಮರದ ಕೋಲಿಗೆ 1000ದ ಕಾಗದ ಸುತ್ತಿ ಉಜ್ಜಿದರಾಯಿತು. ಬಾಚಿಗಳಿಗೂ ಹೆಚ್ಚುಕಡಿಮೆ ಇದೇ ಕ್ರಮ, ಕಾವಿನ, ಅಂದರೆ ಮರದ ಹಿಡಿಯ, ಕಡೆಗಿರುವ ಒಳ ಇಳಿಜಾರನ್ನು ಮಾತ್ರ ಮಸೆಯಬೇಕು, ಸಾಮಾನನ್ನು ಕಟ್ಟಿಟ್ಟು ಕಲ್ಲನ್ನೇ ಕೈಯಲ್ಲಿ ಹಿಡಿದು ಆಡಿಸುವುದು ಸುಲಭ. ಕಾವು ಸಡಿಲವಾಗಿದ್ದರೆ ಬಾಚಿಯನ್ನು ಯಾವ ಕಾರಣಕ್ಕೂ ಬೀಸಬೇಡಿ.

ಕಬ್ಬಿಣದ ತೋಪಡದಲ್ಲಿ ಅಲಗು ಸಾಮಾನ್ಯವಾಗಿ 45 ಡಿಗ್ರಿಯಲ್ಲಿ ಒರಗಿರುತ್ತದೆ. ಅಲಗಿನ ಇಳಿಜಾರು ಕೆಳಮುಖವಾಗಿರುವ ಕಾರಣ ಅದನ್ನು ನೀವು 25ಕ್ಕೆ ಮಸೆದರೂ 35ಕ್ಕೆ ಮಸೆದರೂ ಮರಕ್ಕೆ ತಾಗುವ ಕೋನ 45 ಆಗಿಯೇ ಉಳಿಯುತ್ತದೆ. ಹಲಸಿನಲ್ಲೂ ಬೀಟೆಯಲ್ಲೂ ನಾರು ಒಮ್ಮೆ ಅತ್ತ ಒಮ್ಮೆ ಇತ್ತ ಹೊರಳುವುದರಿಂದ ಈ ಕೋನದಲ್ಲಿ ಮರ ಕಿತ್ತುಬರುವುದುಂಟು. ಅದಕ್ಕೆ ಪರಿಹಾರ ಎರಡು. ಅಲಗಿನ ಮೇಲೆ ಕೂರುವ ಇನ್ನೊಂದು ತಗಡನ್ನು ಬಾಯಿಯಿಂದ ಮಿಲಿಮೀಟರಿನ ಮೂರನೆಯ ಒಂದು ಭಾಗಕ್ಕಿಂತಲೂ ಹತ್ತಿರಕ್ಕೆ ತಂದು ಬಿಗಿಯುವುದು ಮೊದಲನೆಯದು. ಅದೂ ಸಾಲದಿದ್ದರೆ ಅಲಗಿನ ಚಪ್ಪಟೆ ಬೆನ್ನಿಗೆ, ತೀರ ಅಂಚಿನಲ್ಲಿ, 10ರಿಂದ 15 ಡಿಗ್ರಿಯ ಒಂದು ಎಳೆಯಷ್ಟು ಇಳಿಜಾರು ಕೊಡುವುದು ಎರಡನೆಯದು; ಆಗ ಮರಕ್ಕೆ ತಾಗುವ ಕೋನ 55, 60ಕ್ಕೆ ಏರುತ್ತದೆ, ತಳ್ಳಲು ಕಷ್ಟವಾದರೂ ಮರ ಕೀಳುವುದಿಲ್ಲ.

ಈಗ ಆ ನಾಲ್ಕು ತಗಡುಗಳು. ಅವು ಕೆರೆಯುವ ತಗಡುಗಳು, ಬಹುಶಃ ಹಳೆಯ ಗರಗಸದಿಂದ ಕತ್ತರಿಸಿಕೊಂಡವು. ಒಂದೆರಡರ ಅಂಚು ಬಾಗಿದ್ದರೆ ಅವು ಕೊಡಕ್ಕೆ, ನೇರವಾಗಿದ್ದರೆ ದಂಡಿಗೆ (ವೀಣೆಯ ಉದ್ದನೆಯ ಕತ್ತು) ಮತ್ತು ಮೇಲಿನ ಹಲಗೆಗೆ. ಮೈಸೂರು ವೀಣೆಯ ಬೀಟೆಯ ಮೈಯಲ್ಲಿ ಬಿಳಿಯ ತುಣುಕುಗಳನ್ನು ಕೂರಿಸಿದ ಕುಸುರಿ ಇರುವ ಕಡೆ ಮರಳು ಕಾಗದ ಉಜ್ಜಿದರೆ ಮೆದುವಾದದ್ದು ಹೆಚ್ಚು ಸವೆದು ಗಟ್ಟಿಯಾದದ್ದು ಉಬ್ಬಿ ನಿಲ್ಲುತ್ತದೆ, ಮೇಲಾಗಿ ಕುಸುರಿಯ ಪುಡಿ ಮರದ ರಂಧ್ರಗಳಲ್ಲಿ ಸೇರಿ ಮಬ್ಬಾಗುತ್ತದೆ. ತಗಡಾದರೆ ಎರಡನ್ನೂ ಒಂದೇ ಮಟ್ಟಕ್ಕೆ ಸವರಿಕೊಂಡು ಹೋಗುತ್ತದೆ. ಇದನ್ನು ಹರಿತಗೊಳಿಸುವ ರೀತಿ ಬೇರೆ. ತಗಡನ್ನು ಬೆಂಚಿನ ವೈಸಿನಲ್ಲಿ ನೆಟ್ಟಗೆ ಕಚ್ಚಿಸಿ ಅದರ ಅಂಚನ್ನು ಅರದಿಂದ ಸರಿಯಾಗಿ ಕಾಟಕೋನಕ್ಕೆ (90 ಡಿಗ್ರಿಗೆ) ತನ್ನಿ, ಆಮೇಲೆ ಅಂಚನ್ನೂ ಎರಡು ಮೈಗಳನ್ನೂ ಕಲ್ಲಿನಲ್ಲಿ ನಯ ಮಾಡಿ, ಮೂಲೆಗಳು ಕೈಗೆ ಚುಚ್ಚುವಂತಿರಬೇಕು. ಬಳಿಕ ತಗಡಿಗಿಂತ ಗಡಸಾದ, ನುಣುಪಾದ, ದುಂಡನೆಯ ಉಕ್ಕಿನ ಸರಳೊಂದನ್ನು, ಹಳೆಯ ಎಂಜಿನ್ನಿನ ವಾಲ್ವಿನ ಕಡ್ಡಿಯೂ ಆದೀತು, ಒಂದು ತೊಟ್ಟು ಎಣ್ಣೆ ಸವರಿ, ಮೊದಲು ಚಪ್ಪಟೆ ಮೈಯ ಮೇಲೆ, ನಂತರ ಅಂಚಿನ ಮೇಲೆ ಐದರಿಂದ ಹತ್ತು ಡಿಗ್ರಿ ವಾಲಿಸಿ ಎರಡು ಮೂರು ಬಾರಿ ಒತ್ತಿ ಎಳೆಯಿರಿ. ಅಂಚಿನ ಉಕ್ಕು ಹೊರಕ್ಕೆ ಬಾಗಿ ಕಣ್ಣಿಗೆ ಕಾಣದಷ್ಟು ಸಣ್ಣ ತುಟಿಯಾಗುತ್ತದೆ. ಮರವನ್ನು ಕೆರೆಯುವುದು ಆ ತುಟಿ. ಸರಿಯಾಗಿದ್ದರೆ ಬೀಟೆಯಿಂದ ಸುರುಳಿ ಹೆರೆ ಬರುತ್ತದೆ, ಪುಡಿ ಬಂದರೆ ತುಟಿ ಮೂಡಿಲ್ಲ ಅಥವಾ ಸವೆದಿದೆ ಎಂದರ್ಥ. ಕೆರೆಯುವಾಗ ತಗಡು ಬೆರಳು ಸುಡುವಷ್ಟು ಬಿಸಿಯಾಗುತ್ತದೆ, ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಳ್ಳಿ. ಬೀಟೆಯ ಧೂಳು ಕೆಲವರ ಚರ್ಮಕ್ಕೆ ಆಗದು, ಅದರ ಮೇಲೂ ಗಮನವಿರಲಿ.

ಅರಗಳನ್ನು ಮನೆಯಲ್ಲಿ ಮಸೆಯಲು ಬರುವುದಿಲ್ಲ. ಆದರೆ ಹಿತ್ತಾಳೆಯ ತಂತಿ ಬ್ರಷ್ಷಿನಿಂದ ಹಲ್ಲುಗಳ ಉದ್ದಕ್ಕೆ ಉಜ್ಜಿ, ವಿನೆಗರಿನಲ್ಲಿ ಒಂದು ರಾತ್ರಿ ಇಟ್ಟು, ಉಳಿಗಳಿಗೆ ಹೇಳಿದಂತೆಯೇ ಸೋಡಾ ನೀರಿನಲ್ಲಿ ತೊಳೆದು ಒಣಗಿಸಿದರೆ ಎಷ್ಟೋ ಅರಗಳು ಮತ್ತೆ ಕಚ್ಚತೊಡಗುತ್ತವೆ. ಬಳಸುವ ಮೊದಲು ಸೀಮೆಸುಣ್ಣ ತಿಕ್ಕಿದರೆ ಹಲ್ಲಿನ ಸಂದುಗಳಲ್ಲಿ ಪುಡಿ ಕಟ್ಟುವುದಿಲ್ಲ. ಹಲ್ಲು ಅರ್ಧ ಸವೆದ ನಯವಾದ ಅರಗಳನ್ನು ಎಸೆಯಬೇಡಿ. ತಂಬೂರಿಯ ಕುದುರೆಗೆ (ತಂತಿಗಳು ಕೂರುವ ಸೇತುವೆ) ಜೀವಾರಿ ತೆಗೆಯುವಾಗ, ಅಂದರೆ ತಂತಿ ಝೇಂಕರಿಸುವಂತೆ ಅದರ ಮೈಯನ್ನು ಹದಗೊಳಿಸುವಾಗ, ಹೊಸ ಅರ ಒಂದೇ ಎಳೆತಕ್ಕೆ ಬೇಕಾದ್ದಕ್ಕಿಂತ ಹೆಚ್ಚು ತಿಂದುಬಿಡುತ್ತದೆ, ಸವೆದ ಅರ ಕೈಯ ಮಾತು ಕೇಳುತ್ತದೆ. ಅರದ ಒಂದು ಬದಿಯ ಹಲ್ಲನ್ನು ಬೇಕೆಂದೇ ಉಜ್ಜಿ ನುಣುಪು ಮಾಡಿದ್ದರೆ ಅದು ಪಕ್ಕದ ಮೈಗೆ ಗಾಯವಾಗದಿರಲೆಂದು ಮಾಡಿಕೊಂಡ ಏರ್ಪಾಡು.

ಮರದ ಹಿಡಿಗಳು ಬಿರಿದಿಲ್ಲವಾದರೆ ಬದಲಿಸಬೇಡಿ, ಒದ್ದೆ ಬಟ್ಟೆಯಲ್ಲಿ ಕೊಳೆ ಒರೆಸಿ ಅಗಸೆ ಎಣ್ಣೆ ಸವರಿದರೆ ಸಾಕು. ಆ ಎಣ್ಣೆಯ ಬಟ್ಟೆಯನ್ನು ಮುದುಡಿ ಮೂಲೆಗೆಸೆದರೆ ತಾನಾಗಿಯೇ ಹೊತ್ತಿಕೊಳ್ಳುವ ಅಪಾಯವಿದೆ, ಬಿಡಿಸಿ ತಂತಿಯ ಮೇಲೆ ಒಣಹಾಕಿ. ಉಕ್ಕಿಗೆ ಹೊಲಿಗೆ ಯಂತ್ರದ ಎಣ್ಣೆ ಒಳ್ಳೆಯದು. ಕೆಲಸಕ್ಕೆ ಕೂರುವ ಮೊದಲು ಅದನ್ನು ಪೂರ್ತಿ ಒರೆಸಬೇಕು, ಏಕೆಂದರೆ ಮರಕ್ಕೆ ಮರ ಕೂಡಿಸುವ ಜಾಗಕ್ಕೆ ಎಣ್ಣೆ ಅಂಟಿದರೆ ಗೋಂದು ಹಿಡಿಯುವುದಿಲ್ಲ.

ಕೊಳ್ಳಬೇಕಾದದ್ದು ಗಾಜು, ಮರಳು ಕಾಗದ, 1000 ಮತ್ತು 6000ದ ಎರಡು ಕಲ್ಲು, ತುಂಡು ಚರ್ಮ ಇಷ್ಟೇ. ತಗಡುಗಳಿಂದ ಆರಂಭಿಸಿ, ಅವುಗಳಲ್ಲಿ ತಪ್ಪು ಮಾಡಿದರೆ ಅರದ ಹತ್ತು ಎಳೆತಗಳಲ್ಲಿ ಮೊದಲಿಗೆ ಮರಳಬಹುದು. ನಂತರ ನೇರ ಉಳಿಗಳು, ಆಮೇಲೆ ಕಬ್ಬಿಣದ ತೋಪಡ, ಕೊನೆಗೆ ದುಂಡುಬಾಯಿಯವು. ಓರೆ ಉಳಿಗಳನ್ನೂ ಉಬ್ಬು ತಳದ ತೋಪಡಗಳನ್ನೂ ಎಣ್ಣೆ ಸವರಿ ಹಾಗೆಯೇ ಇಡಿ. ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರದಲ್ಲಿ ಹಲಸಿನ ಮರದಿಂದ ವೀಣೆ ಮಾಡುವ ಕುಟುಂಬಗಳಿವೆ. ಒಂದು ದಿನ ಆ ಸಾಮಾನುಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಅಲ್ಲಿಗೆ ಹೋಗಿ, ಕೊಡದ ಕೆಲಸ ನಡೆಯುತ್ತಿರುವ ಕಡೆ ಕುಳಿತು, ನಿಮ್ಮ ತಾತನ ತೋಪಡದ ಉಬ್ಬು ಅಲ್ಲಿಯ ಕೊಡದ ಒಳಮೈಗೆ ಎಲ್ಲಿ ಕೂರುತ್ತದೆ ಎಂದು ಇಟ್ಟು ನೋಡಿದ ಮೇಲೆಯೇ ಅದರ ಅಲಗಿಗೆ ಕಲ್ಲು ತಾಗಿಸಿ.